ಒಂದೂವರೆ ಮಿಲಿಮೀಟರ್ ಇಳಿಸಿಕೊಟ್ಟ ಮೇಷ್ಟ್ರು: ಹಾಸನದ ಒಂದು ಗಿಟಾರ್ ರಿಪೇರಿ ಅಂಗಡಿ

ಗಿಟಾರಿನಲ್ಲಿ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ಬರುವ ಹಾಗೆ ತಂತಿ ಒತ್ತುವ ಒಂದು ಹಿಡಿತ) ಹಿಡಿದರೆ ಆರು ತಂತಿಯಲ್ಲಿ ಎರಡೇ ಮಾತಾಡುತ್ತಿದ್ದವು. ಉಳಿದ ನಾಲ್ಕರದ್ದು ಟಪ್ ಟಪ್ ಅನ್ನುವ ಸತ್ತ ಸದ್ದು. ನಾಲ್ಕು ತಿಂಗಳು ದಿನಾ ಅರ್ಧ ಗಂಟೆ ಕೂತಿದ್ದೇನೆ, ಎಡಗೈ ಬೆರಳ ತುದಿಯಲ್ಲಿ ಚರ್ಮ ಗಟ್ಟಿಯಾಗಿ ಒಂದು ಸಲ ಸುಲಿದು ಮತ್ತೆ ಗಟ್ಟಿಯಾಗಿದೆ, ಆದರೂ ಇಷ್ಟೇ. ಕಳೆದ ಜುಲೈನಲ್ಲಿ ಗಿಟಾರಿನ ಫೋಟೋ ತೆಗೆದು, ಮಾರಾಟಕ್ಕೆ ಹಾಕೋಣ ಅಂತ ಬೆಲೆಯನ್ನೂ ಟೈಪ್ ಮಾಡಿದ್ದೆ. ಹಾಕಲಿಲ್ಲ. ಅದಕ್ಕೆ ಕಾರಣ ಹಾಸನದ ಒಂದು ರಿಪೇರಿ ಅಂಗಡಿ. ಅದರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಅಂದುಕೊಳ್ಳುತ್ತಿದ್ದೆ, ಈಗ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುತ್ತಿಲ್ಲ. ಅದಕ್ಕೆ ಬೋರ್ಡೇ ಇಲ್ಲ. ಮೇಷ್ಟ್ರು ಒಬ್ಬರೇ ಕೆಲಸ ಮಾಡುವುದು. ಬರೀಲಾ ಅಂತ ಕೇಳಿದ್ದಕ್ಕೆ "ಬರೀಯಮ್ಮ, ಹೆಸರು ಗಿಸರು ಬೇಡ, ಈಗಿರೋ ಕೆಲಸವೇ ಮುಗೀತಾ ಇಲ್ಲ" ಅಂದರು. ಅವರ ಮಾತು ಮೀರುವುದಿಲ್ಲ. ಹಾಸನದಲ್ಲಿ ನಾಟಕಕ್ಕೆ ಹಾರ್ಮೋನಿಯಂ ನುಡಿಸುವವರು ನಿಮಗೆ ಪರಿಚಯವಿದ್ದರೆ ಅವರನ್ನು ಕೇಳಿ, ದಾರಿ ತೋರಿಸುತ್ತಾರೆ.

ನಾನು ಇರುವುದು ಚಿಕ್ಕಮಗಳೂರಿನಲ್ಲಿ, ಕೋಟೆ ಕಡೆ. ಕೆಲಸ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ. ವಯಸ್ಸು 43. ಗಿಟಾರ್ ಕಲಿಯಬೇಕು ಅನ್ನುವುದು ಕಾಲೇಜಿನ ದಿನಗಳ ಆಸೆ. ಆಗ ದುಡ್ಡಿರಲಿಲ್ಲ, ಆಮೇಲೆ ಸಮಯ ಇರಲಿಲ್ಲ. ಹೋದ ವರ್ಷ ಮಾರ್ಚ್‌ನಲ್ಲಿ ಎಂಟು ಸಾವಿರ ಚಿಲ್ಲರೆ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಅಕೂಸ್ಟಿಕ್ ಗಿಟಾರ್ ತರಿಸಿದೆ. ಪಾಠಕ್ಕೆ ಜಸ್ಟಿನ್ ಸ್ಯಾಂಡರ್ಕೋ ಅನ್ನುವ ಆಸ್ಟ್ರೇಲಿಯಾದ ಗಿಟಾರ್ ಮೇಷ್ಟ್ರ ಆನ್‌ಲೈನ್ ಪಾಠಗಳು. ಶುರು ಮಾಡುವವರಿಗೆ ಬೇಕಾದ ಪಾಠಗಳು ಪೂರ್ತಿ ಉಚಿತ, ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಕೈ ನೋಡಿಕೊಂಡೇ ಕಲಿಯಬಹುದು. ಜೊತೆಗೆ ಎರಡು ತಿಂಗಳು ಊರಿನಲ್ಲೇ ಒಬ್ಬರ ಹತ್ತಿರ ಕ್ಲಾಸಿಗೂ ಹೋದೆ. ಬೆರಳು ನೋಯುತ್ತದೆ, ತಂತಿ ಒತ್ತಲು ಆಗುವುದಿಲ್ಲ ಅಂದಾಗೆಲ್ಲ "ಎಲ್ಲರಿಗೂ ನೋಯುತ್ತೆ, ಪ್ರಾಕ್ಟೀಸ್ ಮಾಡಿ" ಅನ್ನುವುದೇ ಉತ್ತರ. ಒಂದು ದಿನವೂ ಅವರು ನನ್ನ ಗಿಟಾರನ್ನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಇದು ನನಗೆ ಈಗಲೂ ಬೇಜಾರು. ಅಂಥ ಗಿಟಾರು ಹಿಡಿದುಕೊಂಡು, ತಪ್ಪು ತಮ್ಮದೇ ಅಂದುಕೊಂಡು, ಕಲಿಯುವುದನ್ನೇ ಬಿಟ್ಟವರು ಎಷ್ಟು ಜನ ಇರಬಹುದು ಅನ್ನಿಸುತ್ತದೆ.

ನಮ್ಮ ಆಫೀಸಿಗೆ ಹಾಸನದಿಂದ ಬರುವ ಒಬ್ಬರು ನನ್ನ ಮುಖ ನೋಡಿ ಏನಾಯ್ತು ಅಂತ ವಿಚಾರಿಸಿದರು. ಹೇಳಿದೆ. "ಮಾರೋಕ್ಕೆ ಮುಂಚೆ ಒಂದ್ಸಲ ನಮ್ಮ ಮೇಷ್ಟ್ರಿಗೆ ತೋರಿಸಿ ಮೇಡಂ" ಅಂದರು. ಭಾನುವಾರ ಬೇಲೂರು ಮೇಲೆ ಬಸ್ಸಿನಲ್ಲಿ ಹೊರಟೆ. ಅರವತ್ತು ಕಿಲೋಮೀಟರ್ ದಾರಿ, ಬೇಲೂರಿನವರೆಗೂ ಮಳೆ. ಗಿಟಾರ್ ಬ್ಯಾಗಿನ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕಟ್ಟಿ, ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ.

ಅಂಗಡಿ ಅಂದರೆ ಒಂದು ಉದ್ದನೆ ಕೋಣೆ. ಬಾಗಿಲು ದಾಟಿದ ಕೂಡಲೇ ಸರೇಸಿನ ವಾಸನೆ. ಗೋಡೆಯ ಉದ್ದಕ್ಕೂ ಹೊಟ್ಟೆ ಬಿಚ್ಚಿದ ಹಾರ್ಮೋನಿಯಂಗಳು, ತಿದಿ ಒಂದು ಕಡೆ, ರೀಡಿನ ಹಲಗೆ ಇನ್ನೊಂದು ಕಡೆ. ಮೇಷ್ಟ್ರು ಅರವತ್ತು ದಾಟಿದವರು. ಹಾಸನದ ಸುತ್ತಮುತ್ತಲ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರೆ ಅಲ್ವಾ, ಅದಕ್ಕೆ ಹಾರ್ಮೋನಿಯಂ ನುಡಿಸಿ, ಪಾತ್ರಧಾರಿಗಳಿಗೆ ಹಾಡು ಕಲಿಸಿ ಬಂದ ಕೈ. ರಿಪೇರಿ ಮೊದಲಿಂದ ಇತ್ತು. ಗಿಟಾರ್ ಆಮೇಲೆ ಸೇರಿಕೊಂಡಿದ್ದು, ಕಾಲೇಜು ಹುಡುಗರು ತಂದು ತಂದು ಕೊಟ್ಟು ಅಭ್ಯಾಸವಾಯಿತಂತೆ.

ಅವರು ಗಿಟಾರನ್ನು ನುಡಿಸಲಿಲ್ಲ. ನನಗೆ ಮೊದಲು ಆಶ್ಚರ್ಯವಾಗಿದ್ದು ಅದೇ. ಬ್ಯಾಗಿನಿಂದ ತೆಗೆದು, ಬಡಗಿ ಹಲಗೆಯ ನೇರ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತಲೆ ಕಡೆಯಿಂದ ಕತ್ತಿನುದ್ದಕ್ಕೂ ನೋಡಿದರು. ಮುಂದಿನ ಹಲಗೆಯ ಮೇಲೆ ಅಂಗೈ ಸವರಿದರು. ಸ್ಕೂಲ್ ಮಕ್ಕಳ ಸ್ಟೀಲ್ ಸ್ಕೇಲ್ ತೆಗೆದು 12ನೇ ಫ್ರೆಟ್ಟಿನ (ಕತ್ತಿಗೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿ) ಮೇಲೆ ನಿಲ್ಲಿಸಿ, ನನ್ನನ್ನೇ ಕರೆದು "ಎಷ್ಟಿದೆ ಓದಿ" ಅಂದರು. ದಪ್ಪ ತಂತಿಯ ಕೆಳಗೆ ಪೂರ್ತಿ 4 ಮಿಲಿಮೀಟರ್.

"ಎರಡೂವರೆ ಇರಬೇಕು. ನೀವು ನಾಲ್ಕು ತಿಂಗಳಿಂದ ಬೆಟ್ಟ ಹತ್ತುತಾ ಇದ್ದೀರಿ."

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಶ್ರುತಿ ತೋರಿಸುವ ನನ್ನದೇ ಕ್ಲಿಪ್ ಟ್ಯೂನರನ್ನು ಗಿಟಾರಿನ ತಲೆಗೆ ಸಿಕ್ಕಿಸಿ, ಮೂರನೇ ತಂತಿಯನ್ನು ಸರಿಯಾಗಿ ಜಿ ಸ್ವರಕ್ಕೆ ಕೂರಿಸಿದರು. ಹಸಿರು ದೀಪ. ಅದೇ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರು. ಮುಳ್ಳು ಬಲಕ್ಕೆ ಹೋಗಿ ನಿಂತಿತು, ಹಸಿರು ಇಲ್ಲ. ಎರಡನೇ ಫ್ರೆಟ್ಟಿನಲ್ಲೂ ಹಾಗೇ. ತಂತಿ ಎತ್ತರದಲ್ಲಿದ್ದರೆ ಅದನ್ನು ಫ್ರೆಟ್ಟಿಗೆ ಮುಟ್ಟಿಸಲು ಜಾಸ್ತಿ ದೂರ ಒತ್ತಬೇಕು, ಒತ್ತಿದಷ್ಟೂ ತಂತಿ ಎಳೆಯುತ್ತದೆ, ಎಳೆದಷ್ಟೂ ಸ್ವರ ಮೇಲೆ ಹೋಗುತ್ತದೆ. ಬಿಡಿ ತಂತಿಗಳು ಶ್ರುತಿಯಲ್ಲಿವೆ, ಒತ್ತಿದ ತಂತಿಗಳು ಶ್ರುತಿ ಮೀರಿವೆ, ಎರಡೂ ಸೇರಿದ ಕಾರ್ಡ್ ಹೇಗೆ ತಾನೇ ಇಂಪಾಗಿ ಕೇಳೀತು? ನಾಲ್ಕು ತಿಂಗಳಿಂದ ನನ್ನ ಸಿ ಕಾರ್ಡ್ ಕಿವಿಗೆ ಚುಚ್ಚುತ್ತಿತ್ತು. ನನಗೆ ಸಂಗೀತದ ಕಿವಿಯೇ ಇಲ್ಲ ಅಂದುಕೊಂಡಿದ್ದೆ. ಮಗಳ ಮುಂದೆ ನುಡಿಸುವುದನ್ನೇ ನಿಲ್ಲಿಸಿದ್ದೆ.

"ನಿಮ್ಮ ಕಿವಿ ಸರಿಯಾಗೇ ಇದೆಯಮ್ಮ. ಅದಕ್ಕೇ ನಿಮಗೆ ಹಿಂಸೆ ಆಗ್ತಿದ್ದಿದ್ದು" ಅಂದರು ಮೇಷ್ಟ್ರು. ಕಣ್ಣು ತುಂಬಿ ಬಂತು. ಹೊರಗೆ ನೋಡುವ ಹಾಗೆ ಸ್ವಲ್ಪ ಹೊತ್ತು ಬಾಗಿಲ ಕಡೆ ತಿರುಗಿ ನಿಂತೆ.

ಈಗ ಕೆಲಸದ ವಿಷಯ. ಅವತ್ತೇ ಮಾಡಿಕೊಡುತ್ತಾರೆ ಅಂತ ಹೋಗಿದ್ದೆ. ಆಗುವುದಿಲ್ಲ ಅಂದರು. ಮರ ನೀರು ಕುಡಿದಿದೆ, ಒದ್ದೆ ಮರಕ್ಕೆ ಅಳತೆ ಹಾಕಿದರೆ ಬೇಸಿಗೆಯಲ್ಲಿ ತಂತಿ ಫ್ರೆಟ್ಟಿಗೆ ತಾಗಿ ಜುರ್ ಅನ್ನುತ್ತದೆ, ಮೊದಲು ಒಣಗಬೇಕು. ಈ ಮಾತು ಕೇಳಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು, ಯಾಕೆಂದರೆ ನಮ್ಮ ಕ್ಯೂರಿಂಗ್‌ನಲ್ಲಿ ದಿನಾ ನಡೆಯುವ ಮಾತೇ ಇದು. ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜದ, ತೇವ 10 ಪರ್ಸೆಂಟಿಗೆ ಇಳಿಯಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಬೂಷ್ಟು, ಬಣ್ಣಗೇಡು. ಹಾಗಂತ ಗಡಿಬಿಡಿಯಲ್ಲಿ ಸುಡು ಬಿಸಿಲಿಗೆ ಹಾಕಿ ಒಣಗಿಸಿದರೆ ಸಿಪ್ಪೆ ಬಿರಿಯುತ್ತದೆ. ನಿಧಾನವಾಗಿ ಒಣಗಬೇಕು, ಒಣಗಿದ್ದು ಮತ್ತೆ ತೇವ ಎಳೆದುಕೊಳ್ಳದ ಹಾಗೆ ಇಡಬೇಕು. ಇಷ್ಟೆಲ್ಲ ಗೊತ್ತಿದ್ದೂ, ಮರದಿಂದಲೇ ಮಾಡಿದ ಗಿಟಾರಿಗೆ ಇದೇ ಮಾತು ಅನ್ವಯಿಸುತ್ತದೆ ಅಂತ ನನಗೆ ಹೊಳೆದಿರಲೇ ಇಲ್ಲ.

ಗಿಟಾರಿಗೆ ಹಿತವಾದ ಗಾಳಿಯ ತೇವ 45ರಿಂದ 55 ಪರ್ಸೆಂಟ್. ನಮ್ಮ ಮನೆಯಲ್ಲಿ ಆಮೇಲೆ ಒಂದು ಪುಟ್ಟ ಡಿಜಿಟಲ್ ಮೀಟರ್ ತಂದು ಇಟ್ಟೆ. ಮಳೆ ಹಿಡಿದ ದಿನ ಬೆಳಗ್ಗೆ 88, ಮಧ್ಯಾಹ್ನ 81. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರ ಮನೆಯಲ್ಲಿ ಇನ್ನೂ ಜಾಸ್ತಿಯೇ ಇರುತ್ತದೆ. ಅಷ್ಟು ತೇವದಲ್ಲಿ ಮುಂದಿನ ತೆಳು ಹಲಗೆ ನೀರು ಕುಡಿದು ಉಬ್ಬುತ್ತದೆ. ತಂತಿ ಕಟ್ಟಿರುವ ಬ್ರಿಡ್ಜ್ ಕೂತಿರುವುದು ಅದೇ ಹಲಗೆಯ ಮೇಲೆ. ಹಲಗೆ ಉಬ್ಬಿದರೆ ಬ್ರಿಡ್ಜ್ ಏಳುತ್ತದೆ, ಬ್ರಿಡ್ಜ್ ಎದ್ದರೆ ತಂತಿ ಏಳುತ್ತದೆ. ಸದ್ದು ಕಂಬಳಿ ಹೊದಿಸಿದ ಹಾಗೆ ಮಂಕಾಗುತ್ತದೆ. ಮೇಷ್ಟ್ರು ಅಂಗೈ ಸವರಿ ನೋಡಿದ್ದು ಈ ಉಬ್ಬನ್ನೇ.

ಒಂದು ಸಮಾಧಾನದ ವಿಷಯವನ್ನೂ ಹೇಳಿದರು. ನನ್ನ ಗಿಟಾರಿನ ಹಲಗೆ ಇಡೀ ಮರದ್ದಲ್ಲ, ಪದರ ಪದರ ಅಂಟಿಸಿದ್ದು. ಬೆಲೆ ಕಡಿಮೆ ಇರುವ ಗಿಟಾರುಗಳಲ್ಲಿ ಸಾಮಾನ್ಯವಾಗಿ ಹೀಗೇ. ಇಡೀ ಮರದ ಹಲಗೆಯ ನಾದ ಬೇರೆಯೇ, ನಿಜ. ಆದರೆ ತೇವಕ್ಕೆ ಜಾಸ್ತಿ ಹೆದರುವುದೂ ಅದೇ. ಮಲೆನಾಡಿನಲ್ಲಿ ಹೊಸದಾಗಿ ಕಲಿಯುವವರಿಗೆ ಪದರದ ಹಲಗೆಯ ಗಿಟಾರೇ ವಾಸಿ ಅನ್ನುವುದು ಅವರ ಮಾತು. ಒಂದು ವರ್ಷ ಇಟ್ಟುಕೊಂಡು ನೋಡಿದ ಮೇಲೆ ನನ್ನದೂ ಅದೇ ಅಭಿಪ್ರಾಯ. ಇಪ್ಪತ್ತೈದು ಸಾವಿರದ ಗಿಟಾರ್ ತಂದು ಜುಲೈನಲ್ಲಿ ಗೋಡೆಗೆ ನೇತುಹಾಕುವುದಕ್ಕಿಂತ ಎಂಟು ಸಾವಿರದ್ದನ್ನು ತಂದು ಸೆಟಪ್, ಅಂದರೆ ತಂತಿಯ ಎತ್ತರ, ಕತ್ತಿನ ಬಾಗು ಎಲ್ಲ ಸರಿಪಡಿಸುವ ಕೆಲಸ, ಮಾಡಿಸುವುದು ಮೇಲು.

ನಾಲ್ಕು ದಿನ ಅಂದವರು ಒಂಬತ್ತು ದಿನ ಇಟ್ಟುಕೊಂಡರು. ಸಿಲಿಕಾ ಜೆಲ್ ಚೀಲಗಳಿರುವ ಒಂದು ಮರದ ಬೀರುವಿನಲ್ಲಿ ಇಟ್ಟು ಒಣಗಿಸಿದರಂತೆ. ಬಲ್ಬಿನ ಶಾಖವಿಲ್ಲ, ಬಿಸಿಲೂ ಇಲ್ಲ. ವಾಪಸ್ ತರಲು ಹೋದಾಗ ಮುಕ್ಕಾಲು ಕೆಲಸವನ್ನು ನನ್ನ ಮುಂದೆಯೇ ಮಾಡಿದರು. ನಾನು ಸ್ಟೂಲ್ ಮೇಲೆ ಕೂತು ಎರಡು ಗಂಟೆ ನೋಡಿದೆ.

ಮೊದಲು ತಂತಿ. ನನ್ನ ಗಿಟಾರಿನಲ್ಲಿದ್ದದ್ದು 12ರಿಂದ ಶುರುವಾಗುವ ಸೆಟ್. ಅಂದರೆ ತೆಳು ತಂತಿ ಒಂದು ಇಂಚಿನ ಸಾವಿರದಲ್ಲಿ 12 ಪಾಲು ದಪ್ಪ. ಆರೂ ತಂತಿ ಸೇರಿ ಎಳೆಯುವ ಭಾರ 70 ಕೆಜಿಗಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಮೂಟೆ ಕಾಫಿ ಚೆರ್ರಿ, ಆ ಸಣ್ಣ ಕತ್ತಿನ ಮೇಲೆ ಹಗಲೂ ರಾತ್ರಿ. ಅದನ್ನು ತೆಗೆದು 10ರ ಸೆಟ್ ಹಾಕಿದರು. ಹೆಚ್ಚುಕಡಿಮೆ 15 ಕೆಜಿ ಇಳಿಯಿತು. ಎಲ್ಲಕ್ಕೂ ಮೊದಲು ತಂತಿಯನ್ನೇ ಯಾಕೆ ಬದಲಾಯಿಸಬೇಕು ಅಂದರೆ ಕತ್ತಿನ ಬಾಗು ಈ ಎಳೆತದ ಮೇಲೇ ನಿಂತಿರುತ್ತದೆ. ಆಮೇಲೆ ಬದಲಾಯಿಸಿದರೆ ಎಲ್ಲ ಅಳತೆ ಮತ್ತೆ ಹಾಕಬೇಕು.

ಎರಡನೆಯದು ಕತ್ತು. ಒಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್ ಅನ್ನುತ್ತಾರೆ. ಮೊದಲನೇ ಫ್ರೆಟ್ಟಿನಲ್ಲೂ, ಕತ್ತು ಹೊಟ್ಟೆಗೆ ಸೇರುವ ಜಾಗದಲ್ಲೂ ತಂತಿಯನ್ನು ಒತ್ತಿ ಹಿಡಿದು, ನಡುವೆ ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿಯುತ್ತದೆ ಅಂತ ನೋಡಬೇಕು. ಅಳೆಯಲು ಅವರ ಹತ್ತಿರ ಇದ್ದದ್ದು ಗ್ಯಾರೇಜಿನವರು ಇಟ್ಟುಕೊಳ್ಳುವ ಫೀಲರ್ ಗೇಜ್. ಕಾಲು ಮಿಲಿಮೀಟರಿನ ಎಲೆ ಸಲೀಸಾಗಿ ಹೋಗಬೇಕು, ಅದಕ್ಕಿಂತ ಜಾಸ್ತಿ ಸಡಿಲ ಇರಬಾರದು. ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ, ಗಿಟಾರನ್ನು ಪಕ್ಕಕ್ಕಿಟ್ಟು ಕಾಫಿ ತರಿಸಿದರು. ಮರಕ್ಕೆ ಕೂತುಕೊಳ್ಳಲು ಸಮಯ ಕೊಡಬೇಕಂತೆ. ಕಾಫಿ ಕುಡಿದು ಮತ್ತೆ ಅಳೆದು, ಇನ್ನೊಂದು ಚೂರು ತಿರುಗಿಸಿದರು.

ಆಮೇಲೆ ನಟ್. ತಲೆಯ ಬುಡದಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿ. ಮೂರನೇ ಫ್ರೆಟ್ಟಿನಲ್ಲಿ ಒತ್ತಿದಾಗ ಮೊದಲನೇ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಜಾಗ ಸಾಕು. ನನ್ನದರಲ್ಲಿ ಉಗುರು ತೂರುವಷ್ಟಿತ್ತು. ಎಫ್ ಹಿಡಿಯಲು ಆಗದೇ ಇದ್ದದ್ದಕ್ಕೆ ದೊಡ್ಡ ಕಾರಣ ಇದೇ, ಯಾಕೆಂದರೆ ಎಫ್ ಬರುವುದು ಮೊದಲನೇ ಫ್ರೆಟ್ಟಿನಲ್ಲೇ. ಸೂಜಿಯಂಥ ಅರಗಳಿಂದ ಒಂದೊಂದು ಸೀಳನ್ನೂ ಎರಡು ಸಲ ಉಜ್ಜುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. ಒಂದು ಸಲ ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್ಟಿಗೆ ತಾಗುತ್ತದೆ, ಆಗ ಹೊಸ ನಟ್ಟೇ ಹಾಕಬೇಕು. ಇದನ್ನು ಮನೆಯಲ್ಲಿ ದಯವಿಟ್ಟು ಪ್ರಯತ್ನ ಮಾಡಬೇಡಿ.

ಕೊನೆಗೆ ಬ್ರಿಡ್ಜಿನ ಮೇಲಿನ ಪಟ್ಟಿ. ಗಿಟಾರಿನವರು ಸ್ಯಾಡಲ್ ಅನ್ನುತ್ತಾರೆ, ಮೇಷ್ಟ್ರಿಗೆ ಅದು ವೀಣೆಯ ಹಾಗೆ ಕುದುರೆ. ಒಣಗಿದ್ದು, ತೆಳು ತಂತಿ, ಸರಳು ಎಲ್ಲ ಸೇರಿ 12ನೇ ಫ್ರೆಟ್ಟಿನಲ್ಲಿ 0.6 ಮಿಲಿಮೀಟರ್ ಇಳಿದಿತ್ತು. ಇನ್ನು ಒಂದು ಮಿಲಿಮೀಟರ್ ಇಳಿಯಬೇಕು. 12ನೇ ಫ್ರೆಟ್ ಅಂದರೆ ತಂತಿಯ ಸರಿಯಾದ ಅರ್ಧ. ಹಾಗಾಗಿ ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಕುದುರೆಯಲ್ಲಿ ಎರಡು ಮಿಲಿಮೀಟರ್ ಕಡಿಮೆ ಆಗಬೇಕು. ಹಳೆಯ ಪ್ಲಾಸ್ಟಿಕ್ ಕುದುರೆಯನ್ನು ಮುಟ್ಟದೆ, ಮೂಳೆಯದೊಂದನ್ನು ಎರಡು ಮಿಲಿಮೀಟರ್ ಗಿಡ್ಡ ಮಾಡಿ ಉಜ್ಜಿದರು. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಬುಡ ಒಂದಿಷ್ಟೂ ಓರೆಯಾಗದ ಹಾಗೆ. ಮೂಳೆ ಬೇಡ ಅನ್ನುವವರಿಗೆ ಪ್ಲಾಸ್ಟಿಕ್‌ನಲ್ಲೇ ಮಾಡಿಕೊಡುತ್ತಾರೆ. ಮೊದಲೇ ಹೇಳಬೇಕು ಅಷ್ಟೇ.

ಮತ್ತೆ ಸ್ಕೇಲ್ ಇಟ್ಟರು. 2.4.

ಶ್ರುತಿ ಮಾಡಿದ್ದು ಟ್ಯೂನರಿನಲ್ಲಿ ಅಲ್ಲ, ಪಕ್ಕದಲ್ಲಿದ್ದ ಹಾರ್ಮೋನಿಯಂನಲ್ಲಿ. ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಮತ್ತೆ ಬಿಳಿ ಮೂರು. ಇ, ಎ, ಡಿ, ಜಿ, ಬಿ, ಇ. ಆರಕ್ಕೆ ಆರೂ ಬಿಳಿ ಮನೆಗಳೇ, ಒಂದೂ ಕಪ್ಪು ಇಲ್ಲ. ನಾನು ಇದನ್ನು ಯಾವತ್ತೂ ಗಮನಿಸಿರಲಿಲ್ಲ. ನಿಮ್ಮ ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಟ್ಯೂನರ್ ಇಲ್ಲದೇನೇ ಕೂರಿಸಿ ನೋಡಿ, ಕಿವಿಗೆ ಒಳ್ಳೆಯ ಅಭ್ಯಾಸ.

ಬೆರಳು ಓಡಾಡುವ ಕಪ್ಪು ಹಲಗೆಯನ್ನು ಒರೆಸುವಾಗ ಇನ್ನೊಂದು ಮಾತು ಬಂತು. ಅಂಚಿನಲ್ಲಿ ಬಣ್ಣ ಇಲ್ಲದ ಜಾಗ ತೋರಿಸಿ "ಇದು ಯಾವ ಮರ ಗೊತ್ತಾ? ನಿಮ್ಮ ಕಡೇದೇ, ಬೀಟೆ" ಅಂದರು. ನಮ್ಮಪ್ಪನ ತೋಟ ಇದ್ದದ್ದು ಆಲ್ದೂರು ಕಡೆ. ಅಲ್ಲಿ ಕಾಫಿಗೆ ನೆರಳಾಗಿ ಎರಡು ದೊಡ್ಡ ಬೀಟೆ ಮರಗಳಿದ್ದವು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಕಡಿಯುವ ಹಾಗಿಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಅದೇ ಮರ ಗಿಟಾರಿನವರಿಗೆ ಇಂಡಿಯನ್ ರೋಸ್‌ವುಡ್. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್ಲಿನ ರೋಸ್‌ವುಡ್ ಬಿಟ್ಟು ನಮ್ಮ ಬೀಟೆಗೆ ಬದಲಾದದ್ದು 1969ರಲ್ಲಿ. 2017ರಲ್ಲಿ, ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಈ ಜಾತಿಯ ಎಲ್ಲ ಮರಗಳ ವಿದೇಶಿ ವ್ಯಾಪಾರಕ್ಕೆ ಕಾಗದ ಪತ್ರ ಬೇಕು ಅಂತಾಯಿತು. ಗಿಟಾರ್ ಮಾಡುವವರಿಗೆ ತುಂಬಾ ಕಷ್ಟವಾಗಿ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನನ್ನ ಗಿಟಾರಿನ ಆ ತುಂಡು ಯಾವ ಕಾಡಿನದ್ದೋ. ಆದರೂ ಅವತ್ತಿನಿಂದ ಬೆರಳಿಡುವಾಗ ತೋಟದ ಆ ಮರಗಳು ನೆನಪಾಗುತ್ತವೆ.

ಖರ್ಚು ಎಷ್ಟಾಯಿತು ಅಂದರೆ: ಸೆಟಪ್ 500, ತಂತಿ 380, ಮೂಳೆ ಕುದುರೆ 250, ಒಟ್ಟು 1,130 ರೂಪಾಯಿ. ಯುಪಿಐ ಇದೆ. ಬಿಲ್ ಕೊಡುವುದಿಲ್ಲ. ಇನ್ನು ಕೊರತೆಗಳು. ದಿನ ಹೇಳಿದ್ದಕ್ಕೆ ಕೊಡುವುದಿಲ್ಲ, ಇದು ದೊಡ್ಡ ಕೊರತೆಯೇ. ಮಧ್ಯದಲ್ಲಿ ನಾನು ಐದು ಸಲ ಫೋನ್ ಮಾಡಿದ್ದೆ, ಎತ್ತಿದ್ದು ಒಂದೇ ಸಲ. ದೂರದಿಂದ ಬರುವವರಿಗೆ ಇದು ನಿಜಕ್ಕೂ ತೊಂದರೆ. ಎರಡನೆಯದು, ಅವರು ತೆಳು ತಂತಿ ಹಾಕಿದ್ದರಿಂದ ಸದ್ದಿನ ಗಾತ್ರ ಸ್ವಲ್ಪ ಇಳಿದಿದೆ. ಜೋರಾಗಿ ಮೀಟಿದರೆ ಮೊದಲಿನ ಗುಂಯ್ ಇಲ್ಲ. ಇದನ್ನು ಮೊದಲೇ ಹೇಳಿದ್ದರು, ಬೆರಳು ಪಳಗಿದ ಮೇಲೆ 11ಕ್ಕೆ ಹೋಗೋಣ ಅಂದಿದ್ದರು, ಆದರೂ ನಾದದ ಆಸೆ ಇರುವವರು ಯೋಚಿಸಿ ತೀರ್ಮಾನ ಮಾಡಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್, ವೈರಿಂಗ್ ಮುಟ್ಟುವುದಿಲ್ಲ. ಹಾಸನಾಂಬೆ ದರ್ಶನದ ದಿನಗಳಲ್ಲಿ, ಅಂದರೆ ದೀಪಾವಳಿ ಆಸುಪಾಸು, ಹೋಗಲೇಬೇಡಿ. ಊರು ತುಂಬಿ ತುಳುಕುತ್ತಿರುತ್ತದೆ, ಗಿಟಾರ್ ಹೊತ್ತುಕೊಂಡು ಆ ಜನದಲ್ಲಿ ನಡೆಯುವುದು ಕಷ್ಟ.

ಮನೆಗೆ ಬಂದು ಐದನೇ ದಿನ ಎಫ್ ಬಂತು. ಆರೂ ತಂತಿ. ರಾತ್ರಿ ಒಂಬತ್ತೂವರೆ, ಮಗಳು ಒಳಗೆ ಓದುತ್ತಿದ್ದವಳು "ಅಮ್ಮ, ಇನ್ನೊಂದ್ಸಲ" ಅಂತ ಕೂಗಿದಳು. ಸ್ಯಾಂಡರ್ಕೋ ಅವರ ಒಂದು ಅಭ್ಯಾಸವಿದೆ, ಒಂದು ನಿಮಿಷ ಗಡಿಯಾರ ಇಟ್ಟುಕೊಂಡು ಎರಡು ಕಾರ್ಡುಗಳ ನಡುವೆ ಎಷ್ಟು ಸಲ ಬದಲಾಯಿಸಲು ಆಗುತ್ತದೆ ಅಂತ ಎಣಿಸುವುದು. ನಾನು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ಸಿಯಿಂದ ಜಿಗೆ ಜುಲೈ ಮೊದಲ ವಾರ 13. ಆಗಸ್ಟ್ ಕೊನೆಗೆ 32. ಅಭ್ಯಾಸದ ಸಮಯ ಮೊದಲಿನಷ್ಟೇ, ಅರ್ಧ ಗಂಟೆ. ಬೆರಳು ಅವೇ. ಬದಲಾದದ್ದು ಒಂದೂವರೆ ಮಿಲಿಮೀಟರ್ ಮಾತ್ರ.

ಮೇಷ್ಟ್ರು ಪಾಠ ಹೇಳುವುದಿಲ್ಲ, ಆದರೆ ಹೊರಡುವ ಮುಂಚೆ ಒಂದು ವಿಷಯ ಹೇಳಿಕೊಟ್ಟರು, ಅದನ್ನು ಇಲ್ಲಿ ಹಂಚಿಕೊಳ್ಳಲೇಬೇಕು. ಭಾವಗೀತೆ ನುಡಿಸಬೇಕು ಅಂದೆ. ಆನ್‌ಲೈನ್ ಪಾಠದ ಸ್ಟ್ರಮ್ಮಿಂಗ್ (ಎಲ್ಲ ತಂತಿ ಒಟ್ಟಿಗೆ ಸವರಿ ಮೀಟುವುದು) ಯಾಕೋ ನಮ್ಮ ಹಾಡಿಗೆ ಕೂರುವುದಿಲ್ಲ ಅಂದೆ. ಮೇಜಿನ ಮೇಲೆ ಬೆರಳಲ್ಲಿ ದಾದ್ರಾ ತಾಳ ಬಡಿದು ತೋರಿಸಿದರು. ಧಾ ಧೀ ನಾ, ಧಾ ತೀ ನಾ. ಆರು ಮಾತ್ರೆ. ಮೊದಲ ಧಾಗೆ ದಪ್ಪ ತಂತಿಯೊಂದನ್ನೇ ಹೆಬ್ಬೆರಳಲ್ಲಿ ಮೀಟಿ, ಧೀ ನಾಗೆ ಕೆಳಗಿನ ತೆಳು ತಂತಿಗಳನ್ನು ಮೆಲ್ಲಗೆ ಸವರಿ, ಎರಡನೇ ಧಾಗೆ ಇನ್ನೊಂದು ದಪ್ಪ ತಂತಿಯನ್ನು ಮೊದಲಿಗಿಂತ ಹಗುರವಾಗಿ ಮೀಟಿ, ಮತ್ತೆ ತೀ ನಾ. ಅಷ್ಟೇ. ಅವತ್ತಿನಿಂದ ನನ್ನ ಕೈಯಲ್ಲಿ ನಮ್ಮ ಹಾಡು ನಮ್ಮ ಹಾಡಿನ ಹಾಗೇ ಕೇಳುತ್ತಿದೆ. ಮಗಳ ಶ್ರುತಿ ಐದೂವರೆ, ಅಂದರೆ ಜಿ ಶಾರ್ಪ್, ನಾನು ಜಿಯ ಕಾರ್ಡುಗಳನ್ನು ಹಿಡಿದು ಮೊದಲನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿಕೊಂಡರೆ ಸರಿಯಾಗಿ ಅವಳಿಗೆ ಸೇರುತ್ತದೆ.

ಹಾಸನಕ್ಕೆ ಹೋಗಲು ಆಗದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲನೇ ಫ್ರೆಟ್ಟಿಗೆ ಕೇಪೋ ಹಾಕಿ, ಎಫ್‌ನ ಆಕಾರವನ್ನೇ ಎರಡನೇ ಫ್ರೆಟ್ಟಿನಲ್ಲಿ ಹಿಡಿಯಿರಿ. ಇದ್ದಕ್ಕಿದ್ದ ಹಾಗೆ ಸುಲಭವಾದರೆ ನಿಮ್ಮ ನಟ್ ಎತ್ತರ ಇದೆ ಅಂತ ಅರ್ಥ. ಆಮೇಲೆ 12ನೇ ಫ್ರೆಟ್ಟಿನಲ್ಲಿ ಸ್ಕೇಲ್ ಇಡಿ. ದಪ್ಪ ತಂತಿಯ ಕೆಳಗೆ 3 ಮಿಲಿಮೀಟರ್ ದಾಟಿದ್ದರೆ ಯಾರಾದರೂ ಕೈಬಲ್ಲವರಿಗೆ ತೋರಿಸಿ. ನಿಮ್ಮೂರಿನಲ್ಲಿ ಗಿಟಾರ್ ರಿಪೇರಿಯವರು ಇಲ್ಲದಿದ್ದರೆ ವೀಣೆಯವರನ್ನು, ಹಾರ್ಮೋನಿಯಂನವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ ಯಾರ ಹತ್ತಿರ ಹೋಗಬೇಕು ಅಂತ. ಕೊಡುವಾಗ "ಸೆಟಪ್ ಮಾಡಿ" ಅಂತ ಸುಮ್ನೆ ಹೇಳಬೇಡಿ. ಕತ್ತಿನ ಬಾಗು, ನಟ್, ಸ್ಯಾಡಲ್ ಮೂರನ್ನೂ ನೋಡುತ್ತೀರಾ ಅಂತ ಕೇಳಿ. ಸ್ಯಾಡಲ್ ಒಂದನ್ನೇ ಉಜ್ಜಿ ಕೊಡುವವರಿದ್ದಾರೆ.

ಮಳೆಗಾಲದಲ್ಲಿ ಗಿಟಾರ್ ಗೋಡೆ ಮೇಲೆ ಬೇಡ, ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ತಂದರೆ ಯಾವಾಗ ಹುರಿದು ಒಣಗಿಸಬೇಕು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಕೇಸಿನ ಒಳಗೂ ಒಂದು ಮೀಟರ್ ಇಟ್ಟು 45ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ.

ಈ ಫೆಬ್ರವರಿಯಲ್ಲಿ ಮತ್ತೆ ಹೋಗಿದ್ದೆ. ಚಳಿಗಾಲದ ಒಣ ಗಾಳಿಗೆ ಹಲಗೆ ಇಳಿದು, ದಪ್ಪ ತಂತಿ ಎರಡು ಕಡೆ ಜುರ್ ಅನ್ನಲು ಶುರುವಾಗಿತ್ತು. ಈ ಸಲ ಮೇಷ್ಟ್ರು ಫೋನ್ ಎತ್ತಿದರು. ಹಳೆಯ ಪ್ಲಾಸ್ಟಿಕ್ ಕುದುರೆಯನ್ನು ಬಿಸಾಡಬೇಡಿ ಅಂತ ಜುಲೈನಲ್ಲೇ ಹೇಳಿದ್ದರು, ನಾನು ಕೇಸಿನ ಜೇಬಿನಲ್ಲಿ ಇಟ್ಟಿದ್ದೆ. ಅದನ್ನು ತೆಗೆದುಕೊಂಡು, ಮೂಳೆಯದಕ್ಕಿಂತ ಒಂದು ಕೂದಲಷ್ಟು ಎತ್ತರ ಉಳಿಯುವ ಹಾಗೆ ಉಜ್ಜಿ ಕೂರಿಸಿದರು. ಇಪ್ಪತ್ತು ನಿಮಿಷದ ಕೆಲಸ, 100 ರೂಪಾಯಿ. ತೆಗೆದ ಮೂಳೆ ಕುದುರೆಯನ್ನು ಮಾತ್ರೆ ಅಂಗಡಿಯ ಸಣ್ಣ ಕವರಿನೊಳಗೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ "ಮಳೆ" ಅಂತ ಬರೆದು ಕೊಟ್ಟರು. ಜೂನ್‌ನಲ್ಲಿ ಅದನ್ನು ಹೇಗೆ ಬದಲಾಯಿಸಿಕೊಳ್ಳಬೇಕು ಅಂತ ನನ್ನ ಕೈಯಲ್ಲೇ ಎರಡು ಸಲ ಮಾಡಿಸಿದ್ದಾರೆ.